ನೀಲಿ ದಾರದ ಸ್ಪಂಜು

ಹಲ್ಲಿನ ಡಾಕ್ಟರು ಸಂಜೆಯ ಸಮಯ ಬದಲಾಯಿಸದೇ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವರ ಕ್ಲಿನಿಕ್ಕಿನಲ್ಲಿ ಐದಡಿ ಉದ್ದದ ಮೀನಿನ ತೊಟ್ಟಿಯೊಂದಿತ್ತು. ಅದರ ನೀರು ಬದಲಿಸಲು ಮೀನಿನ ಮೇಡಂ ಆರು ವರ್ಷದಿಂದ ಪ್ರತಿ ವಾರ ಸಂಜೆ ಹೋಗುತ್ತಿದ್ದಳು. ಈಗ ಸಂಜೆ ಹೊತ್ತಿಗೆ ಹಲ್ಲುನೋವಿನವರು ಜಾಸ್ತಿಯಾಗಿ, ಬಕೆಟ್ಟು ಹಿಡಿದವಳೊಬ್ಬಳು ಅವರ ಕಾಲುಗಳ ನಡುವೆ ಓಡಾಡುವುದು ಸರಿಕಾಣದೆ, ಮಧ್ಯಾಹ್ನ ಮೂರಕ್ಕೆ ಬಂದುಬಿಡಿ ಎಂದರು. ಅವಳು ಬೆಳಗಿನ ಐದಕ್ಕೇ ಎದ್ದು ನೀರು ಹೊರುವವಳು, ಎರಡರಿಂದ ನಾಲ್ಕೂವರೆಯವರೆಗೆ ನಿದ್ದೆ ಮಾಡದಿದ್ದರೆ ಅವಳ ಸೊಂಟ ಮಾತು ಕೇಳುತ್ತಿರಲಿಲ್ಲ. ಆದರೂ ಒಪ್ಪಿಕೊಂಡಳು. ಅವಳು ಸ್ವಂತವಾಗಿ ಕಟ್ಟಿದ ಮೊದಲ ತೊಟ್ಟಿ ಅದು.

ಹೆಸರು ಹಿಡಿದು ಅವಳನ್ನು ಕರೆಯುವವರು ಕಡಿಮೆ. ಊರಿನ ಹದಿನಾಲ್ಕು ಮನೆ, ಕಚೇರಿಗಳ ತೊಟ್ಟಿಗಳು ಅವಳ ಕೈಯಲ್ಲಿದ್ದವು, ಎಲ್ಲರಿಗೂ ಅವಳು ಮೀನಿನ ಮೇಡಂ. ಮೇಡಂ ಅನ್ನಿಸಿಕೊಂಡದ್ದು ಬೈಯುವ ವರಸೆಯಿಂದ. ತೊಟ್ಟಿಯನ್ನು ಪಾತ್ರೆ ಬೆಳಗಿದ ಹಾಗೆ ಬೆಳಗಿ, ನಲ್ಲಿಯಿಂದ ನೇರವಾಗಿ ಹೊಸ ನೀರು ತುಂಬಿಸಿ, ಎರಡೇ ದಿನಕ್ಕೆ ಮೀನು ಮೇಲೆ ತೇಲಿದಾಗ ‘ನಮ್ಮ ಹಣೆಬರಹ’ ಎಂದು ನಿಟ್ಟುಸಿರು ಬಿಡುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಹಣೆಬರಹವನ್ನು ಯಾಕೆ ಬೈತೀರಿ, ನಿಮ್ಮ ಚೊಕ್ಕಟತನವನ್ನು ಬೈದುಕೊಳ್ಳಿ ಎಂದು ಮುಖದ ಮೇಲೇ ಹೇಳುತ್ತಿದ್ದಳು. ವಾರಕ್ಕೆ ಮೂರರಲ್ಲಿ ಒಂದು ಪಾಲು ನೀರು ತೆಗೆದರೆ ಸಾಕು. ಹಾಕುವ ನೀರು ಬಾಯಿ ತೆರೆದ ಬಕೆಟ್ಟಿನಲ್ಲಿ ಒಂದು ದಿನ ನಿಂತು ನಲ್ಲಿಯ ಔಷಧದ ವಾಸನೆ ಕಳೆದುಕೊಂಡಿರಬೇಕು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ, ಅದಕ್ಕಿಂತ ಒಂದು ಚೂರು ಹೆಚ್ಚು ಹಾಕಿದರೂ ಅದು ಪ್ರೀತಿಯಲ್ಲ, ಕೊಳಕು.

ಇನ್ನು ಫಿಲ್ಟರಿನ ಸ್ಪಂಜಿನ ಮಾತಿಗೆ ಬಂದರೆ ಅವಳ ದನಿ ತಾನಾಗಿ ತಗ್ಗುತ್ತಿತ್ತು. ಆ ಸ್ಪಂಜಿನ ತೂತುಗಳಲ್ಲಿ ಕಣ್ಣಿಗೆ ಕಾಣದ ಜೀವಗಳು ಸಂಸಾರ ಹೂಡಿರುತ್ತವೆ. ಮೀನಿನ ಹೊಲಸಿನಲ್ಲಿರುವ ವಿಷ ತಿಂದು ನೀರನ್ನು ಬದುಕಿಸಿಡುವವು ಅವೇ. ಅದನ್ನು ತೊಳೆಯುವುದಿದ್ದರೆ ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ತೊಳೆಯಬೇಕು. ನಲ್ಲಿಯ ಕೆಳಗೆ ಹಿಡಿದರೆ ಅವು ಸತ್ತವು. ಒಣಗಿಸಿದರೂ ಸತ್ತವು, ಮತ್ತೆ ನೀರಿಗೆ ಹಾಕಿದರೆ ಎದ್ದು ಬರುವುದಿಲ್ಲ. ಒಣಗಿ ಸತ್ತ ಸ್ಪಂಜು ಜೀವವಿರುವ ಸ್ಪಂಜಿನಷ್ಟೇ ಕಂದಾಗಿ ಕಾಣುತ್ತದೆ, ನೋಡಿದವರಿಗೆ ಗೊತ್ತಾಗುವುದಿಲ್ಲ.

ಹೊಸ ತೊಟ್ಟಿ ಕಟ್ಟುವಾಗ ಹಾಲಿಗೆ ಹೆಪ್ಪು ಹಾಕಿದ ಹಾಗೆ ಹಳೆಯ ತೊಟ್ಟಿಯ ಸ್ಪಂಜನ್ನು ಹಾಕುವುದು ಈ ಕೆಲಸದವರ ರೂಢಿ. ಅವಳ ಹದಿನಾಲ್ಕು ತೊಟ್ಟಿಗಳೂ ಒಂದೇ ಸ್ಪಂಜಿನ ಸಂತಾನ. ಅವುಗಳಲ್ಲಿ ಮೀನು ಸಾಯುವುದೇ ಅಪರೂಪ. ಒಂದು ಬೇಸಿಗೆಯಲ್ಲಿ ವಕೀಲರ ಮನೆಯವರು ಬೀಗ ಹಾಕಿ ಹದಿನೈದು ದಿನ ಪ್ರವಾಸ ಹೋಗಿದ್ದರು. ಮೀನಿಗೆ ಊಟ ಹಾಕಲು ಯಾರಿಗೂ ಹೇಳಿರಲಿಲ್ಲ. ಬಂದು ನೋಡಿದರೆ ಮೀನುಗಳು ಬಡಕಲಾಗುವುದಿರಲಿ, ಮೊದಲಿಗಿಂತ ದುಂಡಗಾಗಿದ್ದವು. ಎಲ್ಲ ನಿಮ್ಮ ಕೈಗುಣ ಮೇಡಂ ಎಂದರು ವಕೀಲರು. ಕೈಗುಣ ಎಂಬ ಮಾತು ಕೇಳಿದಾಗಲೆಲ್ಲ ಅವಳ ಸ್ಥಿತಿ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನದು. ಆ ಸ್ಪಂಜು ಅವಳದಲ್ಲ, ಅಕ್ಕನದು. ಕೇಳಿ ತಂದದ್ದಲ್ಲ, ಕದ್ದದ್ದು. ಅಕ್ಕನಿಗೆ ಅದು ಗೊತ್ತಿರಲಿಲ್ಲ. ಗೊತ್ತಾದ ದಿನ ತನಗಿರುವ ಒಬ್ಬಳೇ ಅಕ್ಕನೂ ಇಲ್ಲವಾಗುತ್ತಾಳೆ ಎಂಬ ಭಯವನ್ನು ಅವಳು ಆರು ವರ್ಷದಿಂದ ನುಂಗಿಕೊಂಡು ಬಂದಿದ್ದಳು.

ಆ ಸೋಮವಾರ ಮೂರು ಗಂಟೆಗೆ ಕ್ಲಿನಿಕ್ಕಿಗೆ ಹೋದಾಗ ಡಾಕ್ಟರು ಒಳಗೆ ಮಲಗಿದ್ದರು, ಸ್ವಾಗತದ ಹುಡುಗಿ ಮೇಜಿನ ಹಿಂದೆ ಉಗುರು ತಿದ್ದಿಕೊಳ್ಳುತ್ತಿದ್ದಳು. ಮೀನಿನ ಮೇಡಂ ಪೈಪು ಇಳಿಬಿಟ್ಟು ನೀರು ಎಳೆದು, ಮೊಣಕೈವರೆಗೂ ಕೈ ಮುಳುಗಿಸಿ ಗಾಜಿಗೆ ಹತ್ತಿದ ಪಾಚಿ ಒರೆಸುತ್ತಿದ್ದಳು. ಮೀನುಗಳು ಎಂದಿನಂತೆ ಅವಳ ಕೈಸುತ್ತ ಆಡುತ್ತಿದ್ದವು. ಇದ್ದಕ್ಕಿದ್ದಂತೆ ಅವು ದೂರ ಸರಿದವು. ಮೂವತ್ತಕ್ಕೂ ಹೆಚ್ಚು ಮೀನು, ಅಂಗೈ ಅಗಲದವು, ಬೆರಳ ತುದಿಯಷ್ಟಿನವು, ಒಂದನ್ನೊಂದು ಕಂಡರಾಗದವು ಕೂಡ, ಪಕ್ಕಪಕ್ಕ ನಿಂತವು. ಎಲ್ಲದರ ಮುಖವೂ ಬಲಗಡೆಯ ಗೋಡೆಯ ಕಡೆಗೆ. ಬಾಲ ಆಡಿಸುವುದನ್ನೂ ನಿಲ್ಲಿಸಿದ್ದವು. ಆಮೇಲೆ ಎಲ್ಲವೂ ಒಟ್ಟಿಗೆ ಮೇಲೆ ಬಂದು, ನೀರಿನ ಮೇಲೆ ಏನೂ ಇಲ್ಲದಿದ್ದರೂ ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ, ನುಂಗತೊಡಗಿದವು. ಪುಳುಕ್ ಪುಳುಕ್ ಎಂದು ಸಣ್ಣ ಸದ್ದು.

ಅವಳಿಗೆ ಮೊದಲು ಹೊಳೆದದ್ದು ತನ್ನ ಕಸುಬಿನ ಯೋಚನೆ. ನೀರಿನಲ್ಲಿ ಗಾಳಿ ಕಡಿಮೆಯಾದರೆ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಗಾಳಿಯ ಪಂಪು ನೋಡಿದಳು, ಗುಳ್ಳೆಗಳು ಧಾರಾಳವಾಗಿದ್ದವು. ನೀರು ಮೂಸಿದಳು, ಒದ್ದೆ ಮಣ್ಣಿನ ಒಳ್ಳೆಯ ವಾಸನೆಯೇ ಇತ್ತು. ಎರಡು ನಿಮಿಷ ಕಳೆಯುವುದರೊಳಗೆ ಮೀನುಗಳು ಚದುರಿ ಮತ್ತೆ ಅವಳ ಕೈಸುತ್ತ ಬಂದವು.

"ಅವು ದಿನಾ ಹಂಗೇ ಮೇಡಂ," ಎಂದಳು ಹುಡುಗಿ ತಲೆಯೆತ್ತದೆ. "ಮೂರೂ ನಲವತ್ತಕ್ಕೆ. ನಾನು ಅವನ್ನ ನೋಡ್ಕೊಂಡೇ ಕಾಫಿಗೆ ನೀರಿಡೋದು."

ಯಾವಾಗಿನಿಂದ ಎಂದು ಕೇಳಿದ್ದಕ್ಕೆ, ತಾನು ಕೆಲಸಕ್ಕೆ ಸೇರಿದಾಗಿನಿಂದ, ಅಂದರೆ ನಾಲ್ಕು ವರ್ಷದಿಂದ ಎಂದಳು. ಆ ಬಲಗಡೆಯ ಗೋಡೆಯ ಮೇಲೆ ಕ್ಯಾಲೆಂಡರೊಂದಿತ್ತು, ಮೀನುಗಳು ರಜೆ ಯಾವಾಗ ಎಂದು ನೋಡಿಕೊಳ್ಳುತ್ತವೆ ಎಂದು ಡಾಕ್ಟರು ಬಂದವರಿಗೆಲ್ಲ ಹೇಳಿ ನಗಿಸುತ್ತಾರಂತೆ.

ಮೀನಿನ ಮೇಡಂಗೆ ನಗು ಬರಲಿಲ್ಲ. ಮೀನು ಊಟದ ಹೊತ್ತು ಕಲಿಯುತ್ತದೆ, ಅದು ಅವಳಿಗೆ ಗೊತ್ತು. ದಿನಾ ಒಂದೇ ಹೊತ್ತಿಗೆ ಹಾಕಿದರೆ ಹತ್ತು ದಿನದಲ್ಲಿ ಬಂದು ಕಾಯುತ್ತ ನಿಲ್ಲುತ್ತದೆ. ಆದರೆ ಈ ತೊಟ್ಟಿಗೆ ಊಟ ಬೆಳಿಗ್ಗೆ ಹತ್ತಕ್ಕೆ, ಹಾಕುವುದು ಇದೇ ಹುಡುಗಿ, ನಿಲ್ಲುವುದು ಎಡಗಡೆ.

ಮರುದಿನ ಏನೋ ನೆಪ ಮಾಡಿಕೊಂಡು ಅದೇ ಹೊತ್ತಿಗೆ ವಕೀಲರ ಮನೆಗೆ ಹೋದಳು. ಅಲ್ಲಿಯ ಮೀನುಗಳು ಬಚ್ಚಲುಮನೆಯ ಬಾಗಿಲ ಕಡೆಗೆ ಮುಖ ಮಾಡಿ ನಿಂತವು, ಮೇಲೆ ಬಂದವು, ಇಲ್ಲದ್ದನ್ನು ನುಂಗಿದವು. ವಕೀಲರ ಹೆಂಡತಿ ಅದು ತನಗೆ ಮಾಡುವ ಮರ್ಯಾದೆ ಎಂದುಕೊಂಡಿದ್ದರು, ಯಾಕೆಂದರೆ ಆ ಹೊತ್ತಿಗೆ ಅವರು ಮುಖ ತೊಳೆದು ಹೊರಗೆ ಬರುತ್ತಿದ್ದರು. ಬುಧವಾರ ಕನ್ನಡಕದ ಅಂಗಡಿ. ಅಲ್ಲಿ ಮೀನುಗಳು ಬೀದಿಯ ಕಡೆಗೆ ತಿರುಗಿದವು, ಅಂಗಡಿಯವನು ಅದಕ್ಕೆ ಬಸ್ಸಿನ ಸದ್ದೇ ಕಾರಣ ಎಂದ. ಉಳಿದವರನ್ನು ಫೋನಿನಲ್ಲಿ ವಿಚಾರಿಸಿದಳು. ಮೂರೂ ನಲವತ್ತಕ್ಕೆ ಮನೆಯಲ್ಲಿದ್ದವರೆಲ್ಲ ಹೌದು ಹೌದು ಎಂದರು. ತಮ್ಮ ಮೀನಿಗೆ ಮಾತ್ರ ಆ ಜಾಣತನ ಎಂದು ಒಬ್ಬೊಬ್ಬರೂ ನಂಬಿಕೊಂಡಿದ್ದರು. ಅವಳೊಬ್ಬಳೇ ಆ ಹೊತ್ತಿಗೆ ಆರು ವರ್ಷವೂ ನಿದ್ದೆ ಮಾಡಿದ್ದಳು.

ಗುರುವಾರದ ಸರದಿ ಸರ್ವೇಯರದು. ಜಮೀನು ಅಳೆದು ನಕ್ಷೆ ಬರೆಯುವ ಮನುಷ್ಯ, ಎರಡು ಕೋಣೆಯ ಕಚೇರಿ, ಗೋಡೆ ತುಂಬ ಊರಿನ ನಕ್ಷೆ. ಬೇರೆಯವರು ಮೀನು ನೋಡಿ ಖುಷಿಪಟ್ಟು ಸುಮ್ಮನಿದ್ದರೆ ಇವರು ಮೂರು ವರ್ಷದ ಹಿಂದೆಯೇ ಮೀನು ತಿರುಗಿ ನಿಲ್ಲುವ ದಿಕ್ಕನ್ನು ತೊಟ್ಟಿಯ ಅಂಚಿನ ಮೇಲೆ ಕೆಂಪು ಟೇಪು ಅಂಟಿಸಿ ಗುರುತು ಮಾಡಿಕೊಂಡಿದ್ದರು. ಒಂದು ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ ಎಂದು ಹೆಮ್ಮೆಯಿಂದ ತೋರಿಸಿದರು. ಬೇರೆ ತೊಟ್ಟಿಗಳಲ್ಲೂ ಹೀಗೇ ಎಂದು ಅವಳು ಹೇಳಿದ್ದೇ ತಡ, ಮನುಷ್ಯ ಉಕ್ಕಿನ ಸ್ಕೇಲು, ಪೆನ್ಸಿಲು ಹಿಡಿದು ನಕ್ಷೆಯ ಮುಂದೆ ನಿಂತೇಬಿಟ್ಟರು. ಕ್ಲಿನಿಕ್ಕಿನ ಕ್ಯಾಲೆಂಡರಿನ ಗೋಡೆ ಯಾವ ದಿಕ್ಕು, ವಕೀಲರ ಬಚ್ಚಲು ಯಾವ ಕಡೆ, ಕನ್ನಡಕದ ಅಂಗಡಿಯ ಮುಂಬಾಗಿಲು ಎತ್ತ, ಎಲ್ಲವನ್ನೂ ಕೆದಕಿ ಕೆದಕಿ ಕೇಳಿ ಗೆರೆ ಎಳೆದರು. ನಾಲ್ಕು ಗೆರೆಗಳು ನಾಲ್ಕು ಮೂಲೆಯಿಂದ ಹೊರಟು ಒಂದು ಕಡೆ ಸೇರಿದವು. ಉಗುರಿನಷ್ಟು ಜಾಗ.

"ಪ್ರಿಂಟಿಂಗ್ ಪ್ರೆಸ್ಸಿನ ಹಿಂದಿನ ಓಣಿ," ಎಂದರು ಅವರು ಕನ್ನಡಕ ಹಣೆಗೇರಿಸಿ. "ಅಲ್ಲೇನಿದೆ ಮೇಡಂ? ಕೆರೆ, ಬಾವಿ ಏನಾದ್ರೂ?"

"ಏನೂ ಇಲ್ಲ ಸರ್. ಬರೀ ಮನೆಗಳು," ಎಂದಳು.

ಆ ಓಣಿಯ ಮೂರನೇ ಕಟ್ಟಡದ ಮೊದಲ ಮಹಡಿಯಲ್ಲಿ ಅಕ್ಕ ಇದ್ದಳು.

ಅಕ್ಕನಿಂದಲೇ ಅವಳು ಈ ಕೆಲಸ ಕಲಿತದ್ದು. ಅಪ್ಪ ಅಮ್ಮ ಹೋದ ಮೇಲೆ ತಂಗಿಯನ್ನು ಸಾಕಿದವಳೂ ಅಕ್ಕನೇ. ಊರಿಗೆಲ್ಲ ತೊಟ್ಟಿ ಕಟ್ಟಿ ಕೊಡುತ್ತಿದ್ದ ಅಕ್ಕನಿಗೆ ಒಂದು ಪದ್ಧತಿಯಿತ್ತು. ಸ್ಪಂಜಿನ ಎರಡು ತುಂಡುಗಳನ್ನು ನೀಲಿ ದಾರದಿಂದ ಹೊಲಿದು ಒಂದು ಮಾಡಿ ತನ್ನ ಮನೆಯ ತೊಟ್ಟಿಯ ಫಿಲ್ಟರಿಗೆ ಹಾಕುತ್ತಿದ್ದಳು. ಯಾರಾದರೂ ಹೆಪ್ಪು ಕೇಳಿಕೊಂಡು ಬಂದರೆ ದಾರ ಕತ್ತರಿಸಿ ಒಂದು ತುಂಡು ಕೊಟ್ಟು, ಉಳಿದದ್ದಕ್ಕೆ ಹೊಸ ತುಂಡು ಹೊಲಿಯುತ್ತಿದ್ದಳು. ಕೇಳಿದವರಿಗೆ ಇಲ್ಲ ಅನ್ನಬೇಡ, ಪೂರ್ತಿಯೂ ಕೊಡಬೇಡ ಎಂದು ತಂಗಿಗೆ ಹೇಳಿಕೊಟ್ಟಿದ್ದಳು. ಆ ತೊಟ್ಟಿಯಲ್ಲಿ ಹನ್ನೊಂದು ಮೀನುಗಳಿದ್ದವು. ಹಿರಿಯನು ತಾತ, ಹದಿನಾಲ್ಕು ವರ್ಷದ ಗೋಲ್ಡ್ ಫಿಶ್, ಒಂದು ಕಣ್ಣಿಗೆ ಪೊರೆ ಬಂದಿತ್ತು. ತಾತನ ಹಟ ಎಂಥದ್ದೆಂದರೆ ತಂಗಿಯ ಬೆರಳಿನಿಂದಲ್ಲದೆ ತಿನ್ನುತ್ತಿರಲಿಲ್ಲ. ಹಲ್ಲಿಲ್ಲದ ಬಾಯಿಯಲ್ಲಿ ಅವಳ ಬೆರಳ ತುದಿ ಹಿಡಿದು ಎಳೆಯುತ್ತಿದ್ದ. ಅಕ್ಕ ಕೈ ಇಟ್ಟರೆ ಬೆನ್ನು ತಿರುಗಿಸುತ್ತಿದ್ದ, ಅದಕ್ಕೆ ಅಕ್ಕ ಅವನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಳು.

ತಂಗಿಗೆ ಬೇರೆಯಾಗಿ ಕೆಲಸ ಮಾಡುವ ಆಸೆ ಹುಟ್ಟಿತು. ಹಲ್ಲಿನ ಡಾಕ್ಟರು ಒಂದೇ ವಾರದಲ್ಲಿ ಐದಡಿ ತೊಟ್ಟಿ ತುಂಬ ಮೀನು ಆಡುತ್ತಿರಬೇಕು ಎಂದರು. ನಿಯಮದಂತೆ ಹೊಸ ತೊಟ್ಟಿಗೆ ಐದಾರು ವಾರ ಬೇಕು. ಅರ್ಧ ಸ್ಪಂಜಿನಿಂದ ಅಷ್ಟು ನೀರು ಪಳಗುವುದಿಲ್ಲ. ಇನ್ನೂ ಸ್ವಲ್ಪ ದಿನ ತಡಿ ಎಂದಳು ಅಕ್ಕ, ನನ್ನನ್ನು ಬೆಳೆಯೋಕೆ ಬಿಡಲ್ಲ ನೀನು ಎಂದಳು ತಂಗಿ. ಮಾತಿಗೆ ಮಾತು ಬೆಳೆಯಿತು. ಮರುದಿನ ಅಕ್ಕ ಹೊರಗೆ ಹೋಗಿದ್ದಾಗ ತಂಗಿ ದಾರ ಕತ್ತರಿಸದೆ ಪೂರ್ತಿ ಸ್ಪಂಜು ತೆಗೆದುಕೊಂಡಳು. ಖಾಲಿ ಬಿಟ್ಟರೆ ಗೊತ್ತಾಗುತ್ತದಲ್ಲ, ಅದಕ್ಕೆ ಕೆಳಗಿನ ಶೆಲ್ಫಿನಲ್ಲಿ ಒಣಗಿ ಬಿದ್ದಿದ್ದ ಹಳೆಯ ಸ್ಪಂಜೊಂದನ್ನು, ಅದಕ್ಕೂ ನೀಲಿ ದಾರವೇ ಇತ್ತು, ಒದ್ದೆ ಮಾಡಿ ಅದರ ಜಾಗದಲ್ಲಿ ತುರುಕಿದಳು. ಹಳೇ ನೀರು ಇದೆಯಲ್ಲ, ಸುಧಾರಿಸಿಕೊಳ್ಳುತ್ತೆ ಎಂದು ತನಗೆ ತಾನೇ ಹೇಳಿಕೊಂಡಳು. ಸುಧಾರಿಸುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಅವರ ಮುಖಕ್ಕೆ ಉಗಿಯುತ್ತಿದ್ದಳು.

ಮೂರನೇ ದಿನ ಅಕ್ಕನ ಫೋನು ಬಂತು. ಹನ್ನೊಂದೂ ಮೇಲೆ ತೇಲಿದ್ದವು. ತಾತನ ಪೊರೆಯ ಕಣ್ಣು ಮೇಲಿತ್ತು. ತಂಗಿ ಓಡಿ ಹೋದಳು, ಹೂಕುಂಡಗಳಲ್ಲಿ ಗುಂಡಿ ತೋಡಿ ಕೊಟ್ಟಳು. ನಾನೇ ಕೊಂದೆ, ಮೊನ್ನೆ ಸುಸ್ತಾಗಿತ್ತು ಅಂತ ನೀರು ನಿಲ್ಲಿಸಿಡದೆ ನಲ್ಲಿಯಿಂದಲೇ ಹಾಕಿಬಿಟ್ಟೆ ಎಂದು ಅಕ್ಕ ಮಣ್ಣಿನ ಕೈಯಲ್ಲೇ ಹಣೆ ಹಿಡಿದುಕೊಂಡಳು. ಅಕ್ಕ ಹಾಕಿದ್ದು ಅರ್ಧ ಬಕೆಟ್ಟು. ಅದರಿಂದ ಗಪ್ಪಿಯಂಥ ಪುಟ್ಟ ಮೀನೂ ಸಾಯುವುದಿಲ್ಲ. ಆಗುತ್ತೆ ಬಿಡಕ್ಕ, ಯಾರಿಗಾದ್ರೂ ಆಗುತ್ತೆ ಎಂದಳು ತಂಗಿ. ಅಕ್ಕ ಮುಖ ತೊಳೆಯಲು ಹೋದಾಗ ಆ ಸತ್ತ ಸ್ಪಂಜನ್ನು ಫಿಲ್ಟರಿನಿಂದ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು, ಕೊಳೆತಿತ್ತು, ಎಸೆದೆ ಎಂದು ಆಮೇಲೆ ಹೇಳಿದಳು.

ಆ ವಾರವೇ ಅಕ್ಕ ಕೆಲಸ ಬಿಟ್ಟಳು. ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವ ವಿಭಾಗಕ್ಕೆ ಸೇರಿದಳು. ಮೀನಿನ ಮಾತೆತ್ತಿದರೆ ಆ ವಿಷಯ ಬೇಡ ಎನ್ನುತ್ತಿದ್ದಳು. ತಂಗಿಯೂ ಆ ಮನೆಗೆ ಹೋಗುವುದನ್ನು ನಿಲ್ಲಿಸಿ, ಅಕ್ಕನನ್ನು ಸೋದರಮಾವನ ಮನೆಯಲ್ಲೋ ಫೋನಿನಲ್ಲೋ ಮಾತಾಡಿಸಿ ಮುಗಿಸುತ್ತಿದ್ದಳು. ತೊಟ್ಟಿಯನ್ನು ಯಾರಿಗೋ ಕೊಟ್ಟಿರಬೇಕು ಎಂದುಕೊಂಡಿದ್ದಳು.

ಸರ್ವೇಯರ ಕಚೇರಿಯಿಂದ ಮನೆಗೆ ಬಂದ ಸಂಜೆಯೇ ಅಕ್ಕನ ಸಂದೇಶ ಬಂತು. ಭಾನುವಾರ ಚಿಕ್ಕ ಮನೆಗೆ ಹೋಗುತ್ತಿದ್ದೇನೆ, ಹಳೇ ಸಾಮಾನು ಬೇಕಿದ್ದರೆ ಅಷ್ಟರೊಳಗೆ ಬಂದು ನೋಡು ಎಂದಿತ್ತು. ಅವಳು ಅದನ್ನು ನಾಲ್ಕು ಸಲ ಓದಿದಳು. ಹೇಳುವುದಿದ್ದರೆ ಈಗ ಹೇಳಬೇಕು.

ಶುಕ್ರವಾರ ಮಧ್ಯಾಹ್ನ ಮೊದಲು ಕ್ಲಿನಿಕ್ಕಿಗೆ ಹೋದಳು. ಫಿಲ್ಟರಿನ ಮುಚ್ಚಳ ತೆಗೆದು ಅಕ್ಕನ ಸ್ಪಂಜನ್ನು ಹೊರಗೆ ತೆಗೆದಳು. ಉಳಿದ ತೊಟ್ಟಿಗಳಿಗೆ ಇದರ ಪಕ್ಕ ಹೊಸ ತುಂಡು ಇಟ್ಟು ಹೆಪ್ಪು ಮಾಡಿಕೊಂಡಿದ್ದಳು, ಇದನ್ನು ಕತ್ತರಿಸಿರಲಿಲ್ಲ. ದಾರದ ನೀಲಿ ಮಾಸಿ ಬೂದು ಬಣ್ಣವಾಗಿದ್ದರೂ ಹೊಲಿಗೆ ಗಟ್ಟಿಯಾಗಿತ್ತು. ದಾರ ಕತ್ತರಿಸಿ ಅರ್ಧವನ್ನು ಡಾಕ್ಟರ ಮೀನುಗಳಿಗೆ ಬಿಟ್ಟು, ಇನ್ನರ್ಧವನ್ನು ಅದೇ ನೀರು ತುಂಬಿದ ಡಬ್ಬಿಗೆ ಹಾಕಿ ಮುಚ್ಚಿದಳು. ಒದ್ದೆಯಾಗಿಯೇ ಅಕ್ಕನ ಕೈ ಸೇರಬೇಕು. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಾಗ ಹೇಳಬೇಕಾದ ಮಾತನ್ನು ಹತ್ತು ಸಲ ಜೋಡಿಸಿದಳು, ಹತ್ತು ಸಲವೂ ಅದು ಕೆಟ್ಟದಾಗಿ ಕೇಳಿಸಿತು.

ಅಕ್ಕ ಆಗತಾನೇ ಪಾಳಿ ಮುಗಿಸಿ ಬಂದಿದ್ದಳು, ಬೆರಳುಗಳಲ್ಲಿ ಅಂಟು ಒಣಗಿತ್ತು. ಬಂದೆಯಾ ಪುಟ್ಟಿ, ಕೂತ್ಕೊ ಎಂದಳು. ಕೋಣೆ ತುಂಬ ರಟ್ಟಿನ ಪೆಟ್ಟಿಗೆಗಳು. ಗೋಡೆಯಿಂದ ಗಡಿಯಾರ ಒಂದನ್ನು ಬಿಟ್ಟು ಎಲ್ಲವನ್ನೂ ಇಳಿಸಲಾಗಿತ್ತು. ಮೂಲೆಯಲ್ಲಿ ಮಾತ್ರ ಏನೂ ಅಲುಗಾಡಿರಲಿಲ್ಲ. ಅಲ್ಲಿ ಆ ತೊಟ್ಟಿ ಇತ್ತು.

ತೊಟ್ಟಿಯ ದೀಪ ಉರಿಯುತ್ತಿತ್ತು. ಗಾಜಿನ ಮೇಲೆ ಒಂದು ಚುಕ್ಕೆ ಪಾಚಿಯಿಲ್ಲ. ಹಸಿರು ಗಿಡಗಳು ಒತ್ತಾಗಿ ಬೆಳೆದು ಫಿಲ್ಟರಿನ ನೀರಿಗೆ ಮೆಲ್ಲಗೆ ಬಾಗುತ್ತಿದ್ದವು. ಪಕ್ಕದಲ್ಲಿ ಬಾಯಿ ತೆರೆದ ಬಕೆಟ್ಟಿನಲ್ಲಿ ನೀರು ನಿಂತಿತ್ತು. ಇಷ್ಟು ಚೆನ್ನಾಗಿ ಇಟ್ಟ ತೊಟ್ಟಿಯನ್ನು ಅವಳು ತನ್ನ ಹದಿನಾಲ್ಕರಲ್ಲೂ ಕಂಡಿರಲಿಲ್ಲ. ಮೀನು ಎಲ್ಲಿ ಎಂದು ಗಿಡಗಳ ಹಿಂದೆ, ಕಲ್ಲಿನ ಕೆಳಗೆ ಬಗ್ಗಿ ನೋಡಿದಳು. ಒಂದೂ ಇರಲಿಲ್ಲ.

"ಮೀನು ಬಿಟ್ಟಿಲ್ವಾ ಅಕ್ಕ?"

"ಇಲ್ಲ," ಎಂದಳು ಅಕ್ಕ. "ಆವತ್ತಿಂದ ಒಂದೂ ಬಿಟ್ಟಿಲ್ಲ."

ಗಡಿಯಾರ ನೋಡಿಕೊಂಡು ಅಕ್ಕ ಆಹಾರದ ಡಬ್ಬಿ ತೆಗೆದಳು. ಗಾಜನ್ನು ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿದಳು. ಗಾಜು ತಟ್ಟಬಾರದು ಎಂದು ಊರಿಗೆಲ್ಲ ಹೇಳುತ್ತಿದ್ದವಳು ಅಕ್ಕನೇ. ಚಿಟಿಕೆ ಚಿಟಿಕೆಯಾಗಿ ಎಣಿಸಿ ಹನ್ನೊಂದು ಚಿಟಿಕೆ ಉದುರಿಸಿದಳು. ಕೆಂಪು, ಹಳದಿ ಚೂರುಗಳು ನೀರಿನ ಮೇಲೆ ಹರಡಿಕೊಂಡವು.

ಪುಳುಕ್ ಎಂದಿತು. ಒಂದು ಚೂರು ಇದ್ದ ಜಾಗದಲ್ಲಿ ಸಣ್ಣ ಉಂಗುರವೆದ್ದು ಚೂರು ಇಲ್ಲವಾಯಿತು. ಪಕ್ಕದಲ್ಲಿ ಇನ್ನೊಂದು. ಆಮೇಲೆ ಆ ಮೂಲೆಯಲ್ಲಿ, ಈ ಮೂಲೆಯಲ್ಲಿ, ಪುಳುಕ್ ಪುಳುಕ್ ಎಂದು ನೀರಿನ ಮೈತುಂಬ ಉಂಗುರಗಳೆದ್ದು ಚೂರುಗಳು ಒಂದೊಂದಾಗಿ ಮಾಯವಾದವು. ನೀರು ಕೆಳಗಿನವರೆಗೂ ತಿಳಿಯಾಗಿತ್ತು, ಅದರಲ್ಲಿ ಗಿಡ ಮತ್ತು ಕಲ್ಲು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ತಂಗಿ ಒಂದು ಹೆಜ್ಜೆ ಹಿಂದೆ ಸರಿದಳು. ಈ ಹೊತ್ತಿಗೆ ಊರಿನ ಹದಿನಾಲ್ಕು ಕಡೆ ಮೀನುಗಳು ಈ ಕೋಣೆಗೆ ಮುಖ ಮಾಡಿ ಬಾಯಿ ತೆರೆದು ಮುಚ್ಚುತ್ತಿವೆ ಎಂದು ಅವಳಿಗೆ ಗೊತ್ತಿತ್ತು. ಕೈಗುಣ ಯಾರದು ಎಂಬುದೂ ಗೊತ್ತಾಯಿತು.

"ಯಾರು ತಿಂತಾರೆ ಅಂತ ಕೇಳ್ಬೇಡ," ಎಂದಳು ಅಕ್ಕ. "ನಾನೂ ಕೇಳಿಲ್ಲ. ಸತ್ತ ಮೇಲೂ ಕೈ ತಾನಾಗೇ ಡಬ್ಬಿಗೆ ಹೋಗ್ತಿತ್ತು, ಹಾಕ್ದೆ. ತಿಂದ್ವು. ಕೊಂದೋಳ ಕೈಯಿಂದ ತಿಂತಾವಲ್ಲ ಅಂತ ಹಾಕ್ತಾ ಬಂದೆ." ಪೆಟ್ಟಿಗೆಗಳ ಕಡೆ ಕೈ ತೋರಿಸಿ, "ಭಾನುವಾರ ನೀರು ಚೆಲ್ಲಿಬಿಡ್ತೀನಿ. ಆ ಮನೇಲಿ ಜಾಗ ಇಲ್ಲ," ಎಂದಳು.

ನೀರಿನ ಮೇಲೆ ಒಂದೇ ಒಂದು ಚಿಟಿಕೆಯಷ್ಟು ಚೂರು ಉಳಿದಿತ್ತು. ಅದರ ಹತ್ತಿರ ಯಾವ ಉಂಗುರವೂ ಏಳಲಿಲ್ಲ. ನೆನೆದು ಭಾರವಾಗಿ ಅದು ಮೆಲ್ಲಗೆ ತಳಕ್ಕಿಳಿಯಿತು. ಅಕ್ಕ ಸಣ್ಣ ಪೈಪಿನಿಂದ ಅದನ್ನು ಹೀರಿ ತೆಗೆದಳು, ದಿನಾ ಮಾಡುವ ಕೆಲಸದಂತೆ.

ತಂಗಿ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಡಬ್ಬಿಯನ್ನು ಪೆಟ್ಟಿಗೆಯ ಮೇಲಿಟ್ಟು ಮುಚ್ಚಳ ತೆಗೆದಳು. ಅಕ್ಕ ಬಗ್ಗಿ ಮೂಸಿದಳು. ಎರಡು ಬೆರಳಲ್ಲಿ ಸ್ಪಂಜನ್ನು ಎತ್ತಿ ಕತ್ತರಿಸಿದ ದಾರದ ತುದಿ ಹಿಡಿದು ನೋಡಿದಳು. ತನ್ನ ಹೊಲಿಗೆಯನ್ನು ಗುರುತಿಸಲು ಅವಳಿಗೆ ಬೆಳಕು ಬೇಕಿರಲಿಲ್ಲ.

"ಇದು ನನ್ನದು."

"ನಿನ್ನದೇ. ಪೂರ್ತಿ ತಗೊಂಡು ಹೋಗಿದ್ದೆ," ಎಂದಳು ತಂಗಿ. "ನಿನ್ನ ನೀರಿಂದಲ್ಲ ಅಕ್ಕ ಅವು ಸತ್ತಿದ್ದು."

ಅಕ್ಕ ಕತ್ತರಿಸಿದ ದಾರದ ತುದಿಯನ್ನು ಬೆರಳಿನಿಂದ ಸವರಿದಳು.

"ಜಾಗದಲ್ಲಿ ಏನಿಟ್ಟೆ?"

"ಒಣಗಿದ್ದು."

"ಯಾವ ಶೆಲ್ಫಿಂದು?"

"ಕೆಳಗಿಂದು."

ಅಕ್ಕ ತಲೆದೂಗಿದಳು. ಲೆಕ್ಕ ಸರಿಹೋಯಿತು ಎನ್ನುವಂತೆ ಎರಡು ಸಲ ದೂಗಿದಳು. ಸ್ಪಂಜನ್ನು ಮತ್ತೆ ಡಬ್ಬಿಯ ನೀರಿಗೆ ಬಿಟ್ಟು ಮುಚ್ಚಳ ಹಾಕಿದಳು. ಇಂಥ ಹೊತ್ತಿನಲ್ಲೂ ಅದು ಒಣಗಬಾರದು ಎಂಬ ಎಚ್ಚರ ಅವಳ ಕೈಗಿತ್ತು. ಆಮೇಲೆ ಆ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ನನ್ನ ಕೈ ಹಾಳು ಕೈ ಅಂದ್ಕೊಂಡಿದ್ದೆ," ಎಂದಳು. ದನಿ ಏರಲಿಲ್ಲ. "ಕುಂಡದಲ್ಲಿ ಒಂದು ಗಿಡ ನೆಡಲಿಲ್ಲ. ಪಕ್ಕದ ಮನೇಲಿ ಮಗು ಹುಟ್ತು, ಎತ್ಕೊಳ್ಳಿ ಅಂತ ತಂದ್ರು. ನೆಗಡಿ ಆಗಿದೆ ಅಂದೆ. ಎಷ್ಟು ಸಲ ನೆಗಡಿ ಆಗುತ್ತೆ ಒಬ್ಬರಿಗೆ? ಆಮೇಲೆ ಅವರೂ ತರೋದು ಬಿಟ್ರು. ಅದು ಈಗ ಸ್ಕೂಲಿಗೆ ಹೋಗುತ್ತೆ. ಎತ್ಕೊಳ್ಳೋ ವಯಸ್ಸು ಮುಗೀತು."

ತಂಗಿ ಅಳುತ್ತಿದ್ದಳು. ತಪ್ಪಾಯ್ತಕ್ಕ ಎಂದಳು. ಆ ಮಾತು ಆ ಕೋಣೆಯಲ್ಲಿ ಎಷ್ಟು ಚಿಕ್ಕದಾಗಿ ಕೇಳಿಸಿತೆಂದರೆ ಅವಳಿಗೇ ನಾಚಿಕೆಯಾಯಿತು. ಅಕ್ಕ ಹೊಡೆದಿದ್ದರೆ, ಹೊರಗೆ ಹೋಗು ಎಂದಿದ್ದರೆ ವಾಸಿ ಎನಿಸಿತು.

"ನನಗೆ ಹೇಳ್ಬೇಡ," ಎಂದಳು ಅಕ್ಕ. "ದಿನಾ ಹನ್ನೊಂದು ಹಾಕ್ತೀನಿ, ಹತ್ತು ತಿಂತಾವೆ. ಒಂದು ತಳಕ್ಕೆ ಹೋಗ್ತದೆ. ಆರು ವರ್ಷದಿಂದ ದಿನಾ ತೆಗೆದು ಚೆಲ್ತಿದೀನಿ. ಅದು ಯಾರ ಪಾಲು ಅಂತ ನಿನಗೆ ಬೇರೆ ಹೇಳ್ಬೇಕಾ?"

ಬೇಕಿರಲಿಲ್ಲ. ಅಕ್ಕ ಆಹಾರದ ಡಬ್ಬಿಯನ್ನು ಅವಳ ಮುಂದೆ ಹಿಡಿದಳು. ತಂಗಿಗೆ ಓಡಿಹೋಗಬೇಕು ಎನ್ನಿಸಿತು, ಹೋಗಲಿಲ್ಲ. ಒಂದು ಚಿಟಿಕೆ ತೆಗೆದುಕೊಂಡು, ತೋಳಿನ ಬಟ್ಟೆ ಮೇಲೇರಿಸಿ, ಹೆಬ್ಬೆರಳು ತೋರುಬೆರಳುಗಳನ್ನು ನೀರಿನೊಳಗೆ ಇಳಿಸಿದಳು. ನೀರು ತಣ್ಣಗಿತ್ತು. ಗಿಡಗಳು ಅತ್ತಿತ್ತ ಬಾಗುತ್ತಿದ್ದವು. ಅವಳ ಕಣ್ಣಿಗೆ ತನ್ನ ಕೈ ಮಾತ್ರ ಕಾಣುತ್ತಿತ್ತು, ನೀರಿನಲ್ಲಿ ಸ್ವಲ್ಪ ದೊಡ್ಡದಾಗಿ, ಸ್ವಲ್ಪ ಬಿಳಿಚಿಕೊಂಡು.

ಹಿಂದಿನ ಮೂಲೆಯ ಗಿಡವೊಂದು ಹರಿಯುವ ನೀರಿಗೆ ಎದುರಾಗಿ ಬಾಗಿತು. 

ಆಮೇಲೆ ಹಲ್ಲಿಲ್ಲದ ಬಾಯಿಯೊಂದು ಅವಳ ಬೆರಳ ತುದಿಯನ್ನು ಹಿಡಿಯಿತು. ಅವಳಿಗೆ ಆ ಬಾಯಿ ಗೊತ್ತಿತ್ತು, ಅದರ ಮೊಂಡು ಅಂಚು, ಅದು ಎಳೆಯುವ ರೀತಿ. ತಾತ, ಎಂದಳು. ಚಿಟಿಕೆ ಮುಗಿಯಿತು, ಬೆರಳಲ್ಲಿ ಏನೂ ಉಳಿಯಲಿಲ್ಲ. ಕೈ ಹಿಂದಕ್ಕೆ ತೆಗೆಯಲು ನೋಡಿದಳು. ಬಾಯಿ ಬಿಡಲಿಲ್ಲ. ನೋಯಿಸಲೂ ಇಲ್ಲ. ಹಿಡಿದುಕೊಂಡಿತ್ತು, ಅಷ್ಟೇ.

ಅಕ್ಕ ಅವಳ ಮುಖ ನೋಡಿ ಎಲ್ಲವನ್ನೂ ತಿಳಿದುಕೊಂಡಳು. ಕುರ್ಚಿಯೊಂದನ್ನು ಎಳೆದು ತಂಗಿಯ ಹಿಂದೆ ಇಟ್ಟು ಭುಜ ಒತ್ತಿ ಕೂರಿಸಿದಳು.

"ಕೈ ತೆಗೀಬೇಡ," ಎಂದಳು. "ಆರು ವರ್ಷದ ಹಸಿವು. ಅವನಾಗಿ ಬಿಡೋವರೆಗೂ ಇರು. ನೀರು ಚೆಲ್ಲೋದಿಲ್ಲ. ಭಾನುವಾರ ಟ್ಯಾಂಕು ನಿನ್ನ ಮನೆಗೆ ಬರುತ್ತೆ, ಇನ್ಮೇಲೆ ದಿನಾ ಮೂರೂ ನಲವತ್ತಕ್ಕೆ ನೀನೇ ಕೈ ಇಡು."

ಹೂಂ ಎಂದಳು ತಂಗಿ. ಅಕ್ಕ ಡಬ್ಬಿಯಿಂದ ಅರ್ಧ ಸ್ಪಂಜನ್ನು ತೆಗೆದು ಫಿಲ್ಟರಿನೊಳಗೆ ಅದರ ಹಳೆಯ ಜಾಗಕ್ಕೆ ಒತ್ತಿದಳು. ಆಮೇಲೆ ನೆಲದ ಮೇಲೆ ಕುಳಿತು ಪೆಟ್ಟಿಗೆಗಳಿಗೆ ಟೇಪು ಹಚ್ಚತೊಡಗಿದಳು. ನಾಲ್ಕು ಹೊಡೆಯಿತು. ನಾಲ್ಕೂವರೆಯಾಯಿತು. ಕತ್ತಲಾಗುತ್ತಾ ಬಂದಾಗ ಅಕ್ಕ ಎದ್ದು ಕೋಣೆಯ ದೀಪದ ಸ್ವಿಚ್ಚು ಹಾಕಿದಳು, ಇನ್ನೊಂದು ಪೆಟ್ಟಿಗೆ ಎಳೆದುಕೊಂಡಳು. ತಂಗಿಯ ತೋಳು ಮರಗಟ್ಟಿತ್ತು, ಬೆರಳ ತುದಿ ಮಾತ್ರ ಇನ್ನೂ ಆ ಬಾಯಿಯಲ್ಲಿತ್ತು.